ಜಾತ್ರೆಯ ಆಟದ ಯಂತ್ರಗಳು

ಸುಗ್ಗಿ ಮುಗಿದು ರಾಶಿಯು ಮನೆ ಸೇರಿದ ಬಳಿಕ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಜಾತ್ರೆಗಳು ಒಂದರ ಹಿಂದೊಂದು ಬರತೊಡಗುತ್ತವೆ. ಧಾರವಾಡ ತಾಲೂಕಿನ ಉಪ್ಪಿನಬೆಟಗೇರಿ, ಗರಗ, ಅಮ್ಮಿನಬಾವಿ ಮೊದಲಾದ ಊರುಗಳ ಜನರಿಗೆ ಜಾತ್ರೆಯೆಂದರೆ ದೇವರ ದರ್ಶನ, ಬೀಗರ ಭೇಟಿ, ವರ್ಷಕ್ಕೆ ಬೇಕಾಗುವ ಸಾಮಾನಿನ ಖರೀದಿ, ಮನರಂಜನೆ ಇವೆಲ್ಲವೂ ಕೂಡಿ ಬರುವ ಸಂದರ್ಭ. ತೇರು ಎಳೆಯುವ ಬೀದಿಯ ಎರಡೂ ಬದಿಗೆ ಬೆಂಡು ಬತ್ತಾಸು, ಚುರಮುರಿ, ಬಳೆ, ಬುಗುರಿಗಳ ಅಂಗಡಿಗಳು ಸಾಲುಗಟ್ಟುತ್ತವೆ. ಅವುಗಳಿಗೆ ತುಸು ದೂರದಲ್ಲಿ, ಪೈರು ಕೊಯ್ದು ಬಯಲಾದ ಹೊಲದಲ್ಲಿ, ಇನ್ನೊಂದು ಲೋಕವೇ ಎದ್ದು ನಿಲ್ಲುತ್ತದೆ. ಅದು ಆಟದ ಯಂತ್ರಗಳ ಲೋಕ. ತಿರುಗುವ ತೊಟ್ಟಿಲು, ಮರದ ಕುದುರೆಗಳ ಚಕ್ರ, ಗುರಿಯಿಟ್ಟು ಬಲೂನು ಒಡೆಯುವ ಹಲಗೆ, ನಗೆಗನ್ನಡಿ, ಮರಣಬಾವಿ ಇವು ಆ ಲೋಕದ ನಿವಾಸಿಗಳು.

ಈ ಯಂತ್ರಗಳಲ್ಲಿ ಬಹಳಷ್ಟು ಹಿಂದೆ ಕಾರ್ಖಾನೆಯಲ್ಲಿ ತಯಾರಾಗಿ ಬಂದವುಗಳಲ್ಲ. ಊರೂರು ತಿರುಗುವ ಆಟದವರು ಯಾವುದೋ ಊರಿನ ಬಡಿಗ ಕಂಬಾರರ ಕೈಯಿಂದ ತಮಗೆ ಬೇಕಾದ ಅಳತೆಯಲ್ಲಿ ಅವುಗಳನ್ನು ಮಾಡಿಸಿಕೊಳ್ಳುತ್ತಿದ್ದರು. ಬಂಡಿಯ ಗಾಲಿಯ ಅಚ್ಚು ತೊಟ್ಟಿಲಿನ ಅಚ್ಚಾಗುತ್ತಿತ್ತು. ಎಣ್ಣೆಯ ಡಬ್ಬಿಯ ತಗಡು ಚಿತ್ರದ ಪೆಟ್ಟಿಗೆಯ ಹೊದಿಕೆಯಾಗುತ್ತಿತ್ತು. ಆದುದರಿಂದ ಒಬ್ಬನ ತೊಟ್ಟಿಲಿನಂತೆ ಇನ್ನೊಬ್ಬನ ತೊಟ್ಟಿಲು ಇರುತ್ತಿರಲಿಲ್ಲ. ಪ್ರತಿಯೊಂದೂ ತನಗೆ ತಾನೇ ಸಾಟಿಯಾದ ವಸ್ತು. ಇದೇ ಕಾರಣದಿಂದ ಅಂತಹ ಒಂದು ಯಂತ್ರವು ಹಾಳಾದರೆ ಅದರ ಜೊತೆಯದು ಮತ್ತೆಲ್ಲಿಯೂ ಸಿಗುವುದಿಲ್ಲ. ಹಳೆಯ ದೇವಾಲಯವೊಂದು ಶಿಥಿಲವಾದರೆ ಮರುಗುವವರಿದ್ದಾರೆ. ತಾಳೆಯೋಲೆಯ ಕಟ್ಟು ದೊರೆತರೆ ಕಾಪಾಡುವವರಿದ್ದಾರೆ. ಆಟದ ಯಂತ್ರವು ಮುರಿದಾಗ ಮಾತ್ರ ಅದರ ಕಟ್ಟಿಗೆಯು ಒಲೆಗೂ ಕಬ್ಬಿಣವು ಗುಜರಿಗೂ ಹೋಗುವುದು ಸಾಮಾನ್ಯ. ಇದು ಉಚಿತವೇ ಎಂಬ ಪ್ರಶ್ನೆಯನ್ನು ಕೇಳಿಕೊಳ್ಳುವ ಮೊದಲು ಈ ಯಂತ್ರಗಳಲ್ಲಿ ಎಂತಹ ಜಾಣ್ಮೆಯು ಅಡಗಿದೆ ಎಂಬುದನ್ನು ತಿಳಿಯಬೇಕು.

ಬಯಸ್ಕೋಪಿನ ಪೆಟ್ಟಿಗೆಯನ್ನು ಮೊದಲು ಪರಿಶೀಲಿಸಬಹುದು. ಚಲನಚಿತ್ರ ಮಂದಿರಗಳು ಹಳ್ಳಿಗಳ ಸಮೀಪಕ್ಕೆ ಬರುವ ಮುನ್ನ ದೂರದ ಪಟ್ಟಣಗಳನ್ನೂ ಅರಮನೆಗಳನ್ನೂ ದೇವರ ಚಿತ್ರಗಳನ್ನೂ ಮಕ್ಕಳಿಗೆ ತೋರಿಸಿದುದು ಈ ಪೆಟ್ಟಿಗೆ. ಕಟ್ಟಿಗೆ ಮತ್ತು ತಗಡಿನಿಂದ ಮಾಡಿದ ಈ ಪೆಟ್ಟಿಗೆಯ ಮೈಗೆ ನಾಲ್ಕಾರು ದುಂಡನೆಯ ಕಿಂಡಿಗಳಿರುತ್ತವೆ. ಪ್ರತಿ ಕಿಂಡಿಗೂ ಒಂದೊಂದು ಉಬ್ಬು ಮಸೂರವನ್ನು ಕೂರಿಸಲಾಗಿರುತ್ತದೆ. ಒಳಗೆ ಎರಡು ಉರುಳೆಗಳಿವೆ. ಒಂದಕ್ಕೆ ಸುತ್ತಿದ ಚಿತ್ರಗಳ ಸುರುಳಿಯು ಹಿಡಿಯನ್ನು ತಿರುವಿದಂತೆ ಇನ್ನೊಂದಕ್ಕೆ ಸುತ್ತಿಕೊಳ್ಳುತ್ತ ಹೋಗುತ್ತದೆ. ಚಿತ್ರವು ಮಸೂರದ ಸಂಗಮದೂರಕ್ಕಿಂತ ಹತ್ತಿರದಲ್ಲಿದ್ದರೆ ಅದರ ಪ್ರತಿಬಿಂಬವು ನೇರವಾಗಿಯೂ ದೊಡ್ಡದಾಗಿಯೂ ಕಾಣುತ್ತದೆ. ಪೆಟ್ಟಿಗೆಯನ್ನು ಮಾಡಿದ ಬಡಿಗನು ಬೆಳಕಿನ ಶಾಸ್ತ್ರವನ್ನು ಓದಿರಲಾರನು. ಆದರೂ ಮಸೂರವನ್ನು ಹಿಂದೆ ಮುಂದೆ ಸರಿಸಿ, ಚಿತ್ರವು ಸ್ಪಷ್ಟವಾಗಿ ಕಾಣುವ ಅಂತರವನ್ನು ಕಣ್ಣಳತೆಯಿಂದಲೇ ಕಂಡುಕೊಂಡನು. ಹೊರಗೆ ನಿಂತ ಆಟದವನು ಹಿಡಿಯನ್ನು ತಿರುವುತ್ತ, ಒಳಗಿನ ಚಿತ್ರಕ್ಕೆ ಒಪ್ಪುವಂತೆ ರಾಗವಾಗಿ ವಿವರಣೆ ಹೇಳುತ್ತಿದ್ದನು. ಪೆಟ್ಟಿಗೆಯು ಚಿತ್ರವನ್ನು ದೊಡ್ಡದು ಮಾಡುತ್ತಿತ್ತು. ಅವನ ಮಾತು ಅದಕ್ಕೆ ಜೀವವನ್ನು ತುಂಬುತ್ತಿತ್ತು.

ತೊಟ್ಟಿಲಿನ ರಚನೆಯು ಇನ್ನೂ ಸರಳ. ಎರಡು ಕಂಬಗಳ ನಡುವೆ ಒಂದು ಅಡ್ಡ ಅಚ್ಚು. ಅದಕ್ಕೆ ಶಿಲುಬೆಯಾಕಾರದ ತೋಳುಗಳು. ತೋಳುಗಳ ತುದಿಗೆ ತೂಗುವ ನಾಲ್ಕು ತೊಟ್ಟಿಲುಗಳು. ವಿದ್ಯುತ್ತಾಗಲಿ ಎಂಜಿನ್ನಾಗಲಿ ಇಲ್ಲದ ಕಾಲದಲ್ಲಿ ಇದನ್ನು ತೋಳ್ಬಲದಿಂದಲೇ ತಿರುಗಿಸುತ್ತಿದ್ದರು. ಎದುರುಬದುರಿನ ತೊಟ್ಟಿಲುಗಳಲ್ಲಿ ಸಮನಾದ ಭಾರವಿದ್ದರೆ ಯಂತ್ರವನ್ನು ತಿರುಗಿಸುವುದು ಸುಲಭ. ಆದುದರಿಂದ ತೊಟ್ಟಿಲಿನವನು ಮಕ್ಕಳನ್ನು ಮನಸ್ಸಿಗೆ ಬಂದಂತೆ ಹತ್ತಿಸುವುದಿಲ್ಲ. ಒಬ್ಬೊಬ್ಬರ ಮೈಯನ್ನು ನೋಡಿಯೇ ತೂಕವನ್ನು ಅಂದಾಜು ಮಾಡಿ, ಈ ಕಡೆಗೊಬ್ಬರನ್ನು ಆ ಕಡೆಗೊಬ್ಬರನ್ನು ಕೂರಿಸುತ್ತಾನೆ. ತಕ್ಕಡಿಯ ತತ್ತ್ವವು ಅವನ ಕಣ್ಣಿನಲ್ಲಿದೆ. ಒಮ್ಮೆ ವೇಗ ಬಂದ ಮೇಲೆ ಯಂತ್ರವು ತನ್ನ ಜಡತ್ವದಿಂದಲೇ ಕೆಲಕಾಲ ತಿರುಗುತ್ತದೆ. ಅದನ್ನು ಯಾವ ಕ್ಷಣದಲ್ಲಿ ತಡೆಯಬೇಕು, ಎಷ್ಟು ಮೆಲ್ಲಗೆ ತಡೆಯಬೇಕು ಎಂಬುದು ಅಭ್ಯಾಸದಿಂದ ಬರುವ ವಿದ್ಯೆ.

ಮರಣಬಾವಿಯು ನೋಡುವವರ ಎದೆಯನ್ನು ನಡುಗಿಸುವ ಆಟ. ಹಲಗೆಗಳನ್ನು ಒತ್ತಾಗಿ ನಿಲ್ಲಿಸಿ ಕಟ್ಟಿದ ದುಂಡನೆಯ ಬಾವಿಯೊಳಗೆ ಸವಾರನೊಬ್ಬನು ಮೋಟಾರು ಸೈಕಲನ್ನು ನೆಟ್ಟಗಿನ ಗೋಡೆಯ ಮೇಲೆ ಓಡಿಸುತ್ತಾನೆ. ಪ್ರೇಕ್ಷಕರು ಬಾವಿಯ ಅಂಚಿನಲ್ಲಿ ನಿಂತು ಬಗ್ಗಿ ನೋಡುತ್ತಾರೆ. ಅವನೇಕೆ ಕೆಳಗೆ ಬೀಳುವುದಿಲ್ಲ? ವೇಗವಾಗಿ ಸುತ್ತುವ ವಾಹನವು ನೇರವಾಗಿ ಸಾಗಲು ಹವಣಿಸುತ್ತದೆ. ಗೋಡೆಯು ಅದನ್ನು ಒಳಮುಖವಾಗಿ ತಳ್ಳಿ ವೃತ್ತದಲ್ಲಿ ತಿರುಗಿಸುತ್ತದೆ. ಈ ಕೇಂದ್ರಾಭಿಮುಖ ಬಲವು ಹೆಚ್ಚಿದಷ್ಟೂ ಗಾಲಿಗೂ ಹಲಗೆಗೂ ನಡುವಣ ಒತ್ತಡವು ಹೆಚ್ಚುತ್ತದೆ. ಒತ್ತಡದೊಡನೆ ಘರ್ಷಣೆಯೂ ಹೆಚ್ಚಿ ಸವಾರನ ಭಾರವನ್ನು ಎತ್ತಿಹಿಡಿಯುತ್ತದೆ. ವೇಗವು ಒಂದು ಮಿತಿಗಿಂತ ಕಡಿಮೆಯಾದರೆ ಆ ಆಸರೆಯೂ ತಪ್ಪುತ್ತದೆ. ಪಾಠದ ಹಲಗೆಯ ಮೇಲೆ ಬರೆದು ವಿವರಿಸುವ ನಿಯಮವನ್ನು ಈ ಸವಾರನು ತನ್ನ ಪ್ರಾಣವನ್ನೇ ಪಣವಾಗಿಟ್ಟು ಪ್ರದರ್ಶಿಸುತ್ತಾನೆ.

ಜಾತ್ರೆಯ ಬಯಲಿನ ಈ ಯಂತ್ರಗಳ ಜೊತೆಗೆ, ನಾಣ್ಯ ಹಾಕಿದರೆ ತಾನಾಗಿಯೇ ಕೆಲಸ ಮಾಡುವ ಯಂತ್ರವೊಂದೂ ಹಳ್ಳಿಯ ಜನರಿಗೆ ಪರಿಚಿತವಾಗಿತ್ತು. ಅದು ರೈಲು ನಿಲ್ದಾಣಗಳಲ್ಲಿದ್ದ ತೂಕದ ಯಂತ್ರ. ಬಣ್ಣದ ದೀಪಗಳು ಮಿನುಗುವ, ಗಾಜಿನ ಹಿಂದೆ ಚಕ್ರವು ತಿರುಗುವ ಆ ಯಂತ್ರದ ಮೇಲೆ ನಿಂತು ನಾಣ್ಯವನ್ನು ಹಾಕಿದರೆ ದಪ್ಪ ಕಾಗದದ ಚಿಕ್ಕ ಚೀಟಿಯೊಂದು ಹೊರಬೀಳುತ್ತಿತ್ತು. ಅದರಲ್ಲಿ ನಿಂತವನ ತೂಕವೂ ಭವಿಷ್ಯದ ಒಂದು ಮಾತೂ ಇರುತ್ತಿದ್ದವು. ತೂಕಕ್ಕಿಂತ ಆ ಭವಿಷ್ಯದ ಆಸೆಗಾಗಿಯೇ ನಾಣ್ಯ ಹಾಕಿದವರು ಬಹಳ. ಇಂತಹ ಯಂತ್ರಗಳಲ್ಲಿ ನಾಣ್ಯದ ಸೀಳಿಕೆಯೇ ಕಾವಲುಗಾರ. ಅದು ನಾಣ್ಯದ ಅಗಲವನ್ನೂ ತೂಕವನ್ನೂ ಪರೀಕ್ಷಿಸಿ, ಸರಿಯಾದುದನ್ನು ಮಾತ್ರ ಒಳಗೆ ಬಿಡುವಂತೆ ರಚಿತವಾಗಿರುತ್ತದೆ. ಒಳಬಿದ್ದ ನಾಣ್ಯದ ಭಾರದಿಂದ ಒಂದು ಸನ್ನೆಕೋಲು ಜರುಗಿದರೆ ಯಂತ್ರದ ತಡೆಯು ಬಿಡುತ್ತದೆ.

ಪಾಶ್ಚಾತ್ಯ ದೇಶಗಳಲ್ಲಿ ಇಂತಹ ನಾಣ್ಯಯಂತ್ರಗಳೇ ತುಂಬಿದ ವಿನೋದಶಾಲೆಗಳು ಹತ್ತೊಂಬತ್ತನೆಯ ಶತಮಾನದ ಕೊನೆಯ ವೇಳೆಗೆ ಹುಟ್ಟಿಕೊಂಡವು. ೧೮೯೦ರ ದಶಕದಲ್ಲಿ ಅಮೆರಿಕದಲ್ಲಿ ಪ್ರಚಾರಕ್ಕೆ ಬಂದ ಮ್ಯೂಟೊಸ್ಕೋಪ್ ಎಂಬ ಯಂತ್ರದಲ್ಲಿ ನೂರಾರು ಚಿತ್ರಪಟಗಳನ್ನು ಒಂದು ಉರುಳೆಗೆ ಹೂವಿನ ದಳಗಳಂತೆ ಜೋಡಿಸಿರುತ್ತಿದ್ದರು. ನಾಣ್ಯ ಹಾಕಿ ಹಿಡಿಯನ್ನು ತಿರುವಿದರೆ ಚಿತ್ರಪಟಗಳು ಒಂದೊಂದಾಗಿ ಮಗುಚಿ, ಅವುಗಳಲ್ಲಿರುವ ಮನುಷ್ಯರು ಚಲಿಸಿದಂತೆ ಕಾಣುತ್ತಿತ್ತು. ಬಯಸ್ಕೋಪಿನ ಪೆಟ್ಟಿಗೆಗೂ ಇದಕ್ಕೂ ದಾಯಾದಿ ಸಂಬಂಧವುಂಟು. ೧೯೫೫ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಡಿಸ್ನಿಲ್ಯಾಂಡ್ ಎಂಬ ಪ್ರಸಿದ್ಧ ವಿನೋದ ಉದ್ಯಾನವು ಆರಂಭವಾದಾಗ ಅಂತಹ ಹಳೆಯ ನಾಣ್ಯಯಂತ್ರಗಳಿಗಾಗಿಯೇ ಒಂದು ಶಾಲೆಯನ್ನು ಅದರೊಳಗೆ ಏರ್ಪಡಿಸಿದರು. ೧೯೫೭ರಲ್ಲಿ ಅಲ್ಲಿಯೇ ಗುರಿಯಿಟ್ಟು ಹೊಡೆಯುವ ಆಟದ ಕಟ್ಟೆಯೂ ತಲೆಯೆತ್ತಿತು. ಮೊದಲು ಸೀಸದ ಗುಂಡುಗಳಿಂದ ನಡೆಯುತ್ತಿದ್ದ ಈ ಆಟವು ೧೯೮೫ರಲ್ಲಿ ಅವಕೆಂಪು ಕಿರಣದ ಬಂದೂಕುಗಳಿಗೆ ಬದಲಾಯಿತು. ಗುಂಡಿನ ಪೆಟ್ಟಿಗೆ ಗುರಿಯ ಬಣ್ಣವು ಉದುರುವುದು ನಿಂತಿತು. ಜೊತೆಗೇ ತಗಡಿಗೆ ಗುಂಡು ತಗಲುವ ನಿಜವಾದ ಸದ್ದೂ ನಿಂತಿತು.

ಅಷ್ಟರಲ್ಲಿ ವಿದ್ಯುನ್ಮಾನ ಯುಗವು ಕಾಲಿಟ್ಟಿತ್ತು. ೧೯೭೨ರಲ್ಲಿ ಅಮೆರಿಕದ ಅಟಾರಿ ಸಂಸ್ಥೆಯು ಪಾಂಗ್ ಎಂಬ ಆಟವನ್ನು ಹೊರತಂದಿತು. ಗಾಜಿನ ಪರದೆಯ ಮೇಲೆ ಬೆಳಕಿನ ಚೆಂಡೊಂದನ್ನು ಇಬ್ಬರು ಅತ್ತಿತ್ತ ತಳ್ಳುವ ಸರಳ ಆಟವದು. ೧೯೭೮ರಲ್ಲಿ ಜಪಾನಿನಿಂದ ಬಂದ ಸ್ಪೇಸ್ ಇನ್ವೇಡರ್ಸ್ ಮತ್ತು ೧೯೮೦ರ ಪ್ಯಾಕ್‌ಮ್ಯಾನ್ ಆಟಗಳು ಜಗತ್ತಿನ ಯುವಜನರನ್ನು ಆಕರ್ಷಿಸಿದವು. ಭಾರತದಲ್ಲಿ ೧೯೮೪ರಲ್ಲಿ ದೆಹಲಿಯಲ್ಲಿ ಅಪ್ಪು ಘರ್ ಎಂಬ ವಿನೋದ ಉದ್ಯಾನವು ಆರಂಭವಾಯಿತು. ೧೯೮೨ರ ಏಷ್ಯನ್ ಕ್ರೀಡಾಕೂಟದ ಲಾಂಛನವಾಗಿದ್ದ ಆನೆಮರಿಯ ಹೆಸರನ್ನು ಅದಕ್ಕೆ ಇಟ್ಟಿದ್ದರು. ಒಂದು ತಲೆಮಾರಿನ ಮಕ್ಕಳನ್ನು ನಲಿಸಿದ ಆ ಉದ್ಯಾನವು ೨೦೦೮ರಲ್ಲಿ ಮುಚ್ಚಿಹೋಯಿತು. ಕರ್ನಾಟಕದಲ್ಲಿಯೂ ಬೆಂಗಳೂರು ಮೈಸೂರು ಹೆದ್ದಾರಿಯ ಬಿಡದಿಯ ಬಳಿ ೨೦೦೫ರಲ್ಲಿ ವಂಡರ್‌ಲಾ ಆರಂಭವಾಯಿತು. ಇಂತಹ ಉದ್ಯಾನಗಳಲ್ಲಿ ಹೊಸ ಆಟವು ಬಂದಾಗ ಹಳೆಯದು ಜಾಗ ಬಿಟ್ಟುಕೊಡಬೇಕಾಗುವುದು ಸಹಜ. ನಿನ್ನೆಯ ಅಚ್ಚರಿಯು ಇಂದು ಹಳತಾಗುತ್ತದೆ. ಹಳತಾದುದು ನಾಳೆ ಕಣ್ಮರೆಯಾಗುತ್ತದೆ.

ಆಟದ ಯಂತ್ರಗಳು ಇಷ್ಟು ಬೇಗನೆ ಅಳಿಯಲು ಹಲವು ಕಾರಣಗಳಿವೆ. ಅವುಗಳಲ್ಲಿ ಮೊದಲನೆಯದು ಅವುಗಳ ದ್ರವ್ಯ. ಜಾತ್ರೆಯಿಂದ ಜಾತ್ರೆಗೆ ಬಿಚ್ಚಿ ಕಟ್ಟುವ ಕಟ್ಟಿಗೆಯ ಕೀಲುಗಳು ಸಡಿಲಾಗುತ್ತವೆ. ಮಳೆಗೆ ತಗಡು ತುಕ್ಕು ಹಿಡಿಯುತ್ತದೆ; ಕಾಗದದ ಚಿತ್ರಗಳನ್ನು ಗೆದ್ದಲು ತಿನ್ನುತ್ತದೆ; ರಬ್ಬರಿನ ಪಟ್ಟಿಯು ಒಣಗಿ ಸೀಳುತ್ತದೆ. ಕೆಲವೊಮ್ಮೆ ಯಂತ್ರವು ಗಟ್ಟಿಯಾಗಿದ್ದರೂ ಅದಕ್ಕೆ ಹಾಕಬೇಕಾದ ನಾಣ್ಯವೇ ಇಲ್ಲವಾಗುತ್ತದೆ. ಭಾರತದಲ್ಲಿ ಇಪ್ಪತ್ತೈದು ಪೈಸೆ ಮತ್ತು ಅದಕ್ಕಿಂತ ಕಡಿಮೆ ಬೆಲೆಯ ನಾಣ್ಯಗಳ ಚಲಾವಣೆಯು ೨೦೧೧ರ ಜೂನ್ ಕೊನೆಗೆ ನಿಂತುಹೋಯಿತು. ಅಂತಹ ನಾಣ್ಯಕ್ಕೆಂದು ಸೀಳಿಕೆಯನ್ನು ಕೊರೆದ ಯಂತ್ರವೊಂದು ಎಲ್ಲಿಯಾದರೂ ಉಳಿದಿದ್ದರೆ, ಅದು ಕೀಲಿಯಿಲ್ಲದ ಬೀಗದಂತಾಯಿತು.

ವಿದ್ಯುನ್ಮಾನ ಆಟಗಳ ಆಯುಷ್ಯವು ಕಟ್ಟಿಗೆಯ ಯಂತ್ರಗಳಿಗಿಂತ ದೀರ್ಘವೆಂದು ಭಾವಿಸುವುದು ಸರಿಯಲ್ಲ. ಮುರಿದ ತೊಟ್ಟಿಲಿನ ತೋಳನ್ನು ಊರಿನ ಬಡಿಗನು ಮತ್ತೆ ಮಾಡಿಕೊಡಬಲ್ಲನು. ಆದರೆ ಹಳೆಯ ಪರದೆಯ ಆಟಗಳಲ್ಲಿ ಬಳಸುತ್ತಿದ್ದ ಗಾಜಿನ ಚಿತ್ರನಳಿಗೆಗಳನ್ನು ತಯಾರಿಸುವ ಕಾರ್ಖಾನೆಗಳು ಬಹುಮಟ್ಟಿಗೆ ಮುಚ್ಚಿವೆ. ಆಟದ ನಿಯಮಗಳನ್ನೆಲ್ಲ ವಿದ್ಯುದಾವೇಶದ ರೂಪದಲ್ಲಿ ಹಿಡಿದಿಟ್ಟುಕೊಂಡಿರುವ ಕೆಲವು ಬಗೆಯ ಸ್ಮರಣೆಯ ಚಿಪ್‌ಗಳಿಂದ ಆ ಆವೇಶವು ದಶಕಗಳು ಕಳೆದಂತೆ ಸೋರಿಹೋಗುತ್ತದೆ. ಹೊರಗಿನಿಂದ ನೋಡಿದರೆ ಪೆಟ್ಟಿಗೆಯು ಹೊಸದರಂತೆಯೇ ಇರಬಹುದು. ಒಳಗೆ ಮಾತ್ರ ಅದು ತನ್ನ ಆಟವನ್ನೇ ಮರೆತಿರುತ್ತದೆ. ವಯಸ್ಸಾದ ಮನುಷ್ಯನಿಗೆ ಮರೆವು ಬರುವಂತೆ ಯಂತ್ರಕ್ಕೂ ಮರೆವು ಬರುತ್ತದೆ.

ದ್ರವ್ಯದ ನಾಶಕ್ಕಿಂತ ದೊಡ್ಡದು ತಿಳಿವಳಿಕೆಯ ನಾಶ. ಜಾತ್ರೆಯ ಯಂತ್ರವನ್ನು ಮಾಡಿದವನು ನಕ್ಷೆಯನ್ನು ಬರೆದಿಡಲಿಲ್ಲ. ಅಳತೆಗಳು ಅವನ ಗೇಣು ಮೊಳಗಳಲ್ಲಿದ್ದವು. ಗುಟ್ಟುಗಳು ಅವನ ಬೆರಳುಗಳಲ್ಲಿದ್ದವು. ಬಯಸ್ಕೋಪಿನವನ ಹಾಡನ್ನು ಯಾರೂ ಬರೆದುಕೊಳ್ಳಲಿಲ್ಲ. ಅವನ ಮಕ್ಕಳು ಬೇರೆ ದುಡಿಮೆಯನ್ನು ಹಿಡಿದಾಗ ಆ ಹಾಡು ಅಲ್ಲಿಗೆ ಮುಗಿಯಿತು. ಇದಕ್ಕೆಲ್ಲ ಮೂಲದಲ್ಲಿ ಒಂದು ತಪ್ಪು ಕಲ್ಪನೆಯಿದೆ. ಆಟವು ಮಕ್ಕಳಿಗೆ ಸಂಬಂಧಿಸಿದ್ದು, ಅದು ಹೊತ್ತು ಕಳೆಯುವ ಸಾಧನ, ಆದುದರಿಂದ ನೆನಪಿಡಲು ತಕ್ಕದ್ದಲ್ಲ ಎಂಬುದೇ ಆ ಕಲ್ಪನೆ. ಒಂದು ಕಾಲದ ಜನರು ಹೇಗೆ ದುಡಿದರೆಂಬುದು ಚರಿತ್ರೆಯಾಗುವುದಾದರೆ, ಅವರು ಹೇಗೆ ನಕ್ಕರೆಂಬುದೂ ಚರಿತ್ರೆಯೇ ಆಗಬೇಕು.

ಈ ಮಾತನ್ನು ಕನ್ನಡ ನಾಡಿನ ಅರಸರು ಬಹಳ ಹಿಂದೆಯೇ ಮನಗಂಡಿದ್ದರು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ರಚಿಸಿದ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥದಲ್ಲಿ ರಾಜ್ಯಾಡಳಿತದ ವಿಷಯಗಳೊಡನೆ ವಿನೋದಗಳಿಗೂ ಕ್ರೀಡೆಗಳಿಗೂ ವಿಸ್ತಾರವಾದ ಸ್ಥಾನವಿದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪–೧೮೬೮) ‘ಶ್ರೀತತ್ತ್ವನಿಧಿ’ ಎಂಬ ಬೃಹದ್ಗ್ರಂಥವನ್ನು ಒಂಬತ್ತು ಭಾಗಗಳಲ್ಲಿ ಸಿದ್ಧಪಡಿಸಿದರು. ಅದರ ಕೊನೆಯ ಭಾಗವಾದ ‘ಕೌತುಕನಿಧಿ’ಯು ಆಟಗಳಿಗೇ ಮೀಸಲಾಗಿದೆ. ಅವರು ಚದುರಂಗದ ಕುದುರೆಯನ್ನು ಅರವತ್ತನಾಲ್ಕು ಮನೆಗಳಲ್ಲಿಯೂ ಒಂದೊಂದು ಸಲ ಮಾತ್ರ ನಡೆಸುವ ಸಮಸ್ಯೆಯನ್ನು ಬಿಡಿಸಿದವರು. ಗಂಜೀಫಾ ಎಂಬ ಚಿತ್ರಿತ ಎಲೆಗಳ ಆಟದಲ್ಲಿಯೂ ಅವರು ಹೊಸ ಬಗೆಗಳನ್ನು ಕಲ್ಪಿಸಿದರು. ಅವುಗಳಲ್ಲಿ ಅತಿ ದೊಡ್ಡದಕ್ಕೆ ೩೬೦ ಎಲೆಗಳಿದ್ದವು. ಜಾತ್ರೆಯ ತೊಟ್ಟಿಲನ್ನು ಆಟದವನು ತನಗೆಂದು ಮಾಡಿಸಿಕೊಂಡಂತೆ, ಆ ಎಲೆಗಳನ್ನು ಅರಸನು ತನ್ನ ಆಸ್ಥಾನಕ್ಕೆಂದು ಮಾಡಿಸಿದನು.

ಆ ಎಲೆಗಳ ಗತಿಯು ಬಹು ಮುಖ್ಯವಾದ ಪಾಠವೊಂದನ್ನು ಕಲಿಸುತ್ತದೆ. ಗಂಜೀಫಾ ಎಲೆಗಳ ಚಿತ್ರಕಲೆಯು ಇಂದಿಗೂ ಅಳಿದಿಲ್ಲ. ಮೈಸೂರು ಶ್ರೀರಂಗಪಟ್ಟಣಗಳ ಸೀಮೆಯಲ್ಲಿ ಅದನ್ನು ಶ್ರದ್ಧೆಯಿಂದ ಮುಂದುವರಿಸಿದ ಕಲಾವಿದರಿದ್ದಾರೆ. ಎಲೆಗಳನ್ನು ಜನರು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಾರೆ. ಆದರೆ ಅವುಗಳನ್ನು ಹಂಚಿಕೊಂಡು ಕುಳಿತು ಆಡಬಲ್ಲವರು ಎಷ್ಟು ಮಂದಿ? ಎಲೆಯು ಉಳಿಯಿತು, ಆಟವು ಸೊರಗಿತು. ಇದಕ್ಕೆ ಪ್ರತಿಯಾಗಿ ಹಂಪಿಯ ದೇವಾಲಯಗಳ ಕಲ್ಲುಹಾಸಿನ ಮೇಲೆ ಕೊರೆದ ಆಟದ ಮನೆಗಳನ್ನು ನೋಡಬಹುದು. ಅವುಗಳನ್ನು ಕೊರೆದವರು ಯಾರೆಂದು ಹೇಳುವ ಶಾಸನವಿಲ್ಲ. ಆದರೂ ಅಂತಹುದೇ ಮನೆಗಳಲ್ಲಿ ಆಡುವ ಹುಲಿಮನೆ, ಚೌಕಾಬಾರ ಮೊದಲಾದ ಆಟಗಳನ್ನು ಹಳ್ಳಿಯ ಕಟ್ಟೆಗಳ ಮೇಲೆ ಜನರು ಆಡುತ್ತಲೇ ಬಂದುದರಿಂದ, ಆ ಗೆರೆಗಳ ಅರ್ಥವು ಇಂದಿಗೂ ತಿಳಿಯುತ್ತದೆ. ಆಟವೊಂದು ಉಳಿಯಬೇಕಾದರೆ ಮೂರು ಅಂಗಗಳು ಉಳಿಯಬೇಕು: ಆಡುವ ವಸ್ತು, ಆಡುವ ಕ್ರಮ, ಆಡುವ ಕೈ. ಇವುಗಳಲ್ಲಿ ಒಂದು ಹೋದರೂ ಉಳಿದೆರಡು ಕುಂಟುತ್ತವೆ.

ಈ ಸತ್ಯವನ್ನು ಅರಿತು ನಡೆದ ಕೆಲವು ಪ್ರಯತ್ನಗಳಿವೆ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನವು ಈ ಶತಮಾನದ ಮೊದಲ ದಶಕದಿಂದ ‘ಕ್ರೀಡಾ ಕೌಶಲ್ಯ’ ಎಂಬ ಪ್ರದರ್ಶನಗಳನ್ನು ಏರ್ಪಡಿಸುತ್ತ ಬಂದಿದೆ. ಹಳೆಯ ಆಟದ ಮಣೆಗಳನ್ನು ನಾಡಿನ ಕುಶಲಕರ್ಮಿಗಳಿಂದ ಹೊಸದಾಗಿ ಮಾಡಿಸಿ, ಮನೆಗೆ ಕೊಂಡೊಯ್ದು ಆಡುವಂತೆ ಜನರನ್ನು ಪ್ರೇರೇಪಿಸುವುದು ಅದರ ಕ್ರಮ. ಹುಬ್ಬಳ್ಳಿಯಿಂದ ಹಾವೇರಿಯ ಕಡೆಗೆ ಹೋಗುವ ಹೆದ್ದಾರಿಯ ಬದಿಯಲ್ಲಿ, ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ, ಕಲಾವಿದ ಟಿ. ಬಿ. ಸೊಲಬಕ್ಕನವರ ಅವರು ರೂಪಿಸಿದ ಉತ್ಸವ ರಾಕ್ ಗಾರ್ಡನ್ ಇದೆ. ಉತ್ತರ ಕರ್ನಾಟಕದ ಗ್ರಾಮಜೀವನದ ದೃಶ್ಯಗಳನ್ನು ಅಲ್ಲಿ ಆಳೆತ್ತರದ ಶಿಲ್ಪಗಳಲ್ಲಿ ಕಾಣಬಹುದು. ಶಿಲ್ಪವು ಒಂದು ಕ್ಷಣದ ಭಂಗಿಯನ್ನು ಶಾಶ್ವತಗೊಳಿಸುತ್ತದೆ. ಭಂಗಿಯ ಹಿಂದಿನ ಚಲನೆಯನ್ನು ಉಳಿಸುವ ಕೆಲಸವನ್ನು ಮಾತ್ರ ಬದುಕಿರುವವರೇ ಮಾಡಬೇಕು.

ಹಳೆಯ ಯಂತ್ರಗಳ ಚಲನೆಯನ್ನೂ ಉಳಿಸಿದ ನಿದರ್ಶನವು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿದೆ. ಎಡ್ವರ್ಡ್ ಜೆಲಿನ್‌ಸ್ಕಿ ಎಂಬುವರು ಬಾಲ್ಯದಿಂದಲೇ ನಾಣ್ಯಯಂತ್ರಗಳನ್ನು ಸಂಗ್ರಹಿಸತೊಡಗಿದರು. ಆ ನಗರದ ಕಡಲತೀರದಲ್ಲಿದ್ದ ಪ್ಲೇಲ್ಯಾಂಡ್ ಎಂಬ ವಿನೋದ ಉದ್ಯಾನವು ೧೯೭೨ರಲ್ಲಿ ಮುಚ್ಚಿದಾಗ ಅಲ್ಲಿನ ಕೆಲವು ಯಂತ್ರಗಳು ನಾಶವಾಗದೆ ಉಳಿದದ್ದು ಇಂತಹ ಸಂಗ್ರಾಹಕರಿಂದ. ಮ್ಯೂಸೆ ಮೆಕಾನಿಕ್ ಎಂಬ ಹೆಸರಿನ ಆ ಸಂಗ್ರಹಾಲಯದಲ್ಲಿ ಮುನ್ನೂರಕ್ಕೂ ಹೆಚ್ಚು ಯಂತ್ರಗಳಿವೆ. ಪ್ಲೇಲ್ಯಾಂಡಿನಲ್ಲಿ ಮೈಕುಣಿಸಿ ನಗುತ್ತಿದ್ದ ದೊಡ್ಡ ಹೆಣ್ಣುಗೊಂಬೆಯಂತಹುದನ್ನು ಅಲ್ಲಿ ಇಂದಿಗೂ ಕಾಣಬಹುದು. ನಾಣ್ಯವನ್ನು ಹಾಕಿದರೆ ಆ ಗೊಂಬೆಯು ನಗುತ್ತದೆ. ಅಲ್ಲಿನ ಯಂತ್ರಗಳನ್ನು ಮುಟ್ಟಬಾರದೆಂಬ ನಿಯಮವಿಲ್ಲ. ನಾಣ್ಯ ಹಾಕಿ ಆಡುವುದಕ್ಕೆಂದೇ ಅವುಗಳನ್ನು ಇಡಲಾಗಿದೆ.

ಇಲ್ಲಿ ಒಂದು ಧರ್ಮಸಂಕಟವು ಎದುರಾಗುತ್ತದೆ. ಯಂತ್ರವನ್ನು ಆಡಲು ಬಿಟ್ಟರೆ ಅದು ಸವೆಯುತ್ತದೆ. ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ಅದು ಮೂಕವಾಗುತ್ತದೆ. ಸವೆತಕ್ಕೆ ಹೆದರಿ ಮುಚ್ಚಿಟ್ಟ ಯಂತ್ರದ ಕೀಲುಗಳು ಬಳಕೆಯಿಲ್ಲದೆ ಬಿಗಿದುಕೊಳ್ಳುವುದೂ ಉಂಟು. ಇದಕ್ಕೆ ಬಲ್ಲವರು ಒಂದು ಮಧ್ಯಮಾರ್ಗವನ್ನು ಸೂಚಿಸುತ್ತಾರೆ. ಅತ್ಯಂತ ಅಪರೂಪದ ಮೂಲ ಯಂತ್ರವನ್ನು ಜೋಪಾನವಾಗಿ ಇಡುವುದು. ಅದರ ಅಳತೆಗೆ ಸರಿಯಾಗಿ ಹೊಸದೊಂದನ್ನು ಮಾಡಿಸಿ ಆಡಲು ಬಿಡುವುದು. ಹೀಗೆ ಮಾಡುವಾಗ ಯಂತ್ರ ಕಟ್ಟುವ ವಿದ್ಯೆಯೂ ಹೊಸ ಕೈಗಳಿಗೆ ದಾಟುತ್ತದೆ. ಪರದೆಯ ಆಟಗಳ ವಿಷಯದಲ್ಲಿಯೂ ಇಂತಹುದೇ ಉಪಾಯವು ನಡೆದಿದೆ. ೧೯೯೭ರಲ್ಲಿ ಇಟಲಿಯ ನಿಕೋಲಾ ಸಾಲ್ಮೋರಿಯಾ ಎಂಬುವರು ಆರಂಭಿಸಿದ ಮೇಮ್ ಎಂಬ ಕ್ರಮವಿಧಿಯು ಹಳೆಯ ಯಂತ್ರದ ನಡವಳಿಕೆಯನ್ನು ಇಂದಿನ ಗಣಕಯಂತ್ರದಲ್ಲಿ ಅನುಕರಿಸುತ್ತದೆ. ಮರೆವು ಕವಿಯುವ ಮೊದಲೇ ಹಳೆಯ ಚಿಪ್‌ಗಳಲ್ಲಿದ್ದುದನ್ನು ಓದಿ ನಕಲು ಮಾಡಿಕೊಂಡುದರಿಂದ ಸಾವಿರಾರು ಆಟಗಳ ನಿಯಮಗಳು ಉಳಿದುಕೊಂಡವು. ಆದರೂ ಮೂಲ ಪೆಟ್ಟಿಗೆಯ ಎತ್ತರ, ಹಿಡಿಯ ಬಿಗಿ, ಸುತ್ತ ನೆರೆದವರ ಗದ್ದಲ ಇವು ಆ ನಕಲಿನಲ್ಲಿ ಸಿಗಲಾರವು.

ಹಳೆಯದೆಂಬ ಒಂದೇ ಕಾರಣಕ್ಕೆ ಎಲ್ಲವನ್ನೂ ಮರಳಿ ನಡೆಸಬೇಕೆಂದೇನೂ ಇಲ್ಲ. ಜಾತ್ರೆಯ ಕೆಲವು ಆಟಗಳು ಬಡವನ ಕಿಸೆಯನ್ನು ಬರಿದು ಮಾಡುವ ಜೂಜುಗಳಾಗಿದ್ದವು. ಬಳೆ ಎಸೆದು ವಸ್ತುವನ್ನು ಗೆಲ್ಲುವ ಆಟದಲ್ಲಿ, ವಸ್ತುವಿನ ಅಡಿಯ ಮಣೆಯು ಬಳೆಗೆ ದಾಟಲಾರದಷ್ಟು ಅಗಲವಾಗಿದ್ದರೆ ಆಡುವವನಿಗೆ ಗೆಲುವೇ ಇಲ್ಲ. ಕೀಲು ಸವೆದ ತೊಟ್ಟಿಲು, ಹಲಗೆ ಸಡಿಲಾದ ಮರಣಬಾವಿ ಇವು ಜೀವಕ್ಕೆ ಎರವಾಗುತ್ತವೆ. ಹಳಮೆಯ ಮೇಲಿನ ಪ್ರೀತಿಯು ಮಗುವೊಂದರ ಸುರಕ್ಷತೆಗಿಂತ ದೊಡ್ಡದಾಗಲಾರದು. ಇಂತಹವುಗಳನ್ನು ಆಡಿಸುವುದು ಬೇಡ. ಆದರೆ ದಾಖಲೆ ಮಾಡುವುದು ಬೇಕು. ಮೋಸದ ಆಟವು ಹೇಗೆ ಮೋಸ ಮಾಡುತ್ತಿತ್ತೆಂಬುದನ್ನು ಬರೆದಿಟ್ಟರೆ ಮುಂದಿನವರು ಎಚ್ಚರಗೊಳ್ಳುತ್ತಾರೆ.

ದಾಖಲೆಯ ಕೆಲಸಕ್ಕೆ ದೊಡ್ಡ ಸಂಸ್ಥೆಗಳೇ ಬೇಕೆಂಬುದಿಲ್ಲ. ಶಾಲೆಯ ವಿದ್ಯಾರ್ಥಿಗಳು ಸಹ ಅದನ್ನು ಮಾಡಬಲ್ಲರು. ಉಪ್ಪಿನಬೆಟಗೇರಿಯಂತಹ ಊರಿನ ಮಕ್ಕಳು ತಮ್ಮೂರಿನ ಜಾತ್ರೆಗೆ ಬರುವ ಆಟದವರನ್ನು ವಿನಯದಿಂದ ಮಾತನಾಡಿಸಿ, ಅವರ ಒಪ್ಪಿಗೆಯನ್ನು ಪಡೆದು, ಯಂತ್ರದ ಎತ್ತರ ಅಗಲಗಳನ್ನು ಅಳೆದು ಚಿತ್ರ ಬರೆಯಬಹುದು. ಅದರ ಒಂದೊಂದು ಭಾಗಕ್ಕೆ ಅವರು ಕರೆಯುವ ಹೆಸರನ್ನು ಅವರ ಬಾಯಿಯ ಮಾತಿನಲ್ಲಿಯೇ ಬರೆದುಕೊಳ್ಳಬೇಕು. ಏಕೆಂದರೆ ಅಂತಹ ಎಷ್ಟೋ ಪದಗಳು ಯಾವ ನಿಘಂಟಿನಲ್ಲಿಯೂ ಇರುವುದಿಲ್ಲ. ಯಾರು ಮಾಡಿದರು, ಯಾವ ಊರಿನಲ್ಲಿ ಮಾಡಿದರು, ಯಾವ ಭಾಗವನ್ನು ಯಾವಾಗ ಬದಲಾಯಿಸಿದರು ಎಂಬುದನ್ನು ಕೇಳಬೇಕು. ಆಟದವನ ಕೂಗನ್ನೂ ಹಾಡನ್ನೂ ಧ್ವನಿಮುದ್ರಿಸಬಹುದು. ಇಂದು ಆ ಸಾಧನವು ಹಲವರ ಮನೆಗಳಲ್ಲಿಯೇ ಇದೆ. ಮನೆಯ ಹಿರಿಯರು ಚಿಕ್ಕಂದಿನಲ್ಲಿ ಕಂಡ ಬಯಸ್ಕೋಪಿನ ಚಿತ್ರಗಳಾವುವು, ಎಷ್ಟು ಪೈಸೆಗೆ ಎಷ್ಟು ಹೊತ್ತು ನೋಡುತ್ತಿದ್ದರು ಎಂಬುದನ್ನು ಅವರಿಂದಲೇ ಕೇಳಿ ತಿಳಿಯಬಹುದು. ಹಳೆಯ ಯಂತ್ರವೊಂದು ಎಲ್ಲಿಯಾದರೂ ಬಿದ್ದಿದ್ದರೆ ಅದಕ್ಕೆ ಒಡನೆಯೇ ಹೊಸ ಬಣ್ಣವನ್ನು ಬಳಿಯಬಾರದು. ಮಾಸಿದ ಹಳೆಯ ಬಣ್ಣವೇ ಅದರ ವಯಸ್ಸಿನ ಸಾಕ್ಷಿ. ಕಳಚಿಬಿದ್ದ ಚಿಕ್ಕ ತಿರುಪನ್ನೂ ಎಸೆಯದೆ ಚೀಟಿ ಅಂಟಿಸಿ ಇಡಬೇಕು.

ಈ ಕೆಲಸಕ್ಕೆ ಕಾಲಾವಕಾಶವು ಕಡಿಮೆ ಎಂಬುದನ್ನು ಮರೆಯಲಾಗದು. ಕಲ್ಲಿನಲ್ಲಿ ಕೊರೆದ ಆಟವು ಐದು ನೂರು ವರ್ಷ ಕಾದೀತು. ತಗಡಿನ ಪೆಟ್ಟಿಗೆಯು ಐವತ್ತು ವರ್ಷ ಕಾಯುವುದೇ ಹೆಚ್ಚು. ಅದನ್ನು ತಿರುವಿದ ಕೈಯ ನೆನಪು ಆ ಮನುಷ್ಯನ ಆಯುಷ್ಯದಷ್ಟು ಮಾತ್ರ. ಶಾಸನಗಳಲ್ಲಿ ಅರಸರ ಹೆಸರುಗಳಿವೆ, ಗ್ರಂಥಗಳಲ್ಲಿ ಕವಿಗಳ ಹೆಸರುಗಳಿವೆ. ಸಾವಿರಾರು ಮಕ್ಕಳಿಗೆ ಮೊದಲ ಸಲ ಆಕಾಶದ ಎತ್ತರವನ್ನೂ ದೂರದ ಪಟ್ಟಣದ ಚಿತ್ರವನ್ನೂ ತೋರಿಸಿದ ಬಡಿಗ ಕಂಬಾರರ ಹೆಸರುಗಳು ಎಲ್ಲಿಯೂ ಬರೆಹಗೊಂಡಿಲ್ಲ. ಅವರು ಮಾಡಿದ ಆಟವನ್ನು ತಿಳಿದು, ಬರೆದಿಟ್ಟು, ಸಾಧ್ಯವಾದಲ್ಲಿ ಮತ್ತೆ ಆಡುವುದೇ ಅವರಿಗೆ ಸಲ್ಲಿಸಬಹುದಾದ ಗೌರವ. ಜನರ ಸಂತೋಷಕ್ಕಾಗಿ ದುಡಿದವರನ್ನು ನೆನೆಯುವ ಸಮಾಜವು ತನ್ನ ಸಂತೋಷದ ಬೇರುಗಳನ್ನೂ ಬಲ್ಲದು.